ನಾನು ಅಳೆದುಕೊಟ್ಟ ದ್ವೀಪ

ಯಾರಿಗೆ ಯಾವ ಕೆಲಸ ಚೆನ್ನಾಗಿ ಬರುತ್ತದೆಯೋ ಅವರು ಅದರಲ್ಲಿಯೇ ಮೋಸ ಹೋಗುತ್ತಾರೆ ಎಂಬ ಸಂಶಯ ನನಗೆ ಬಹಳ ಹಿಂದಿನಿಂದ ಇತ್ತು. ಆದರೆ ಆ ಸಂಶಯ ನನ್ನನ್ನು ಬಿಟ್ಟು ಉಳಿದವರ ಬಗ್ಗೆ ಮಾತ್ರ ಇತ್ತು. ಬೆಟಗೇರಿಯಲ್ಲಿ ಸೀರೆ ವ್ಯಾಪಾರ ಮಾಡುವ ಗೆಳೆಯನೊಬ್ಬನಿದ್ದಾನೆ. ಕಣ್ಣು ಮುಚ್ಚಿ ಸೆರಗು ಮುಟ್ಟಿದರೂ ನೂಲು ಎಂಥದು, ಬಣ್ಣ ಎಂಥದು ಎಂದು ಹೇಳಬಲ್ಲ ಗಟ್ಟಿಗ. ಅಂಥವನು ಹೆಂಡತಿಗೆಂದು ಪರವೂರಿನಿಂದ ತಂದ ಸೀರೆ ಮೊದಲ ಸಲ ನೀರು ಕಂಡಾಗಲೇ ಬಕೆಟ್ಟನ್ನೆಲ್ಲ ಕೆಂಪು ಮಾಡಿತು. ಆ ಹೊತ್ತಿಗೆ ನಾನು ಅವರ ಮನೆಯಲ್ಲೇ ಚಹಾ ಕುಡಿಯುತ್ತ ಕೂತಿದ್ದೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕಿದ್ದು ಸಾಲದೆಂದು ಓಣಿಯಲ್ಲಿ ನಾಲ್ಕು ಜನಕ್ಕೆ ಹೇಳಿದೆ. ಈಗ ಅದೇ ಗೆಳೆಯ ನಮ್ಮ ಮನೆಯ ಮುಂದೆ ಹಾಯ್ದು ಹೋಗುವಾಗ ಗಾಡಿ ನಿಧಾನ ಮಾಡಿ, 'ದ್ವೀಪ ಹ್ಯಾಂಗೈತ್ರಿ ಸಾಹೇಬ್ರ' ಎಂದು ಕೇಳಿ ಹೋಗುತ್ತಾನೆ. ನಾನು ಕೇಳಿಸದವನಂತೆ ತುಳಸಿಗೆ ನೀರು ಹಾಕುತ್ತಿರುತ್ತೇನೆ.

ನಾನು ಭೂಮಾಪನ ಇಲಾಖೆಯಲ್ಲಿ ಮೋಜಣಿ ಮಾಡಿಕೊಂಡು ಬದುಕಿದವನು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ನನ್ನ ಸರಪಳಿ ಬೀಳದ ಹೊಲ ಕಡಿಮೆ. ಕಪ್ಪತಗುಡ್ಡದ ಬುಡದಲ್ಲಿ ಅಣ್ಣತಮ್ಮಂದಿರಿಬ್ಬರ ನಡುವಿನ ಬಾಂದುಕಲ್ಲು ಮಳೆಗಾಲ ಬಂದಾಗಲೊಮ್ಮೆ ತಮ್ಮನ ಹೊಲದ ಕಡೆಗೆ ಒಂದು ಗೇಣು ಸರಿಯುತ್ತಿತ್ತು. ನೀರಿಗೆ ಸರಿಯುತ್ತದೆ ಎಂದು ಅಣ್ಣ ಆಣೆ ಮಾಡಿ ಹೇಳುತ್ತಿದ್ದ. ಆ ನೀರು ಏರಿಗೆ ಹರಿಯುವುದನ್ನು ಯಾವಾಗ ಕಲಿತಿತು ಎಂದು ಕೇಳಿ, ಅವನ ಕೈಯಿಂದಲೇ ಕಲ್ಲನ್ನು ಹಿಂದಕ್ಕೆ ಹೂಳಿಸಿ ಬಂದವನು ನಾನು. ನನ್ನದೊಂದು ಪದ್ಧತಿ ಇತ್ತು. ಕಾಗದಪತ್ರ ಆಮೇಲೆ, ಮೊದಲು ಮನುಷ್ಯರು. ಸುತ್ತಲಿನ ನಾಲ್ಕೂ ಹೊಲದವರು ಬಂದು ತಂತಮ್ಮ ಬಾಂದಿನ ಮೇಲೆ ನಿಲ್ಲಬೇಕು, 'ಇಲ್ಲೀತನಾ ನಂದು, ಅಲ್ಲಿಂದ ಅವರದು' ಎಂದು ಬಾಯಿಬಿಟ್ಟು ಹೇಳಬೇಕು. ಅಲ್ಲಿಯವರೆಗೆ ನಾನು ಸರಪಳಿಯ ಚೀಲ ಬಿಚ್ಚುತ್ತಿರಲಿಲ್ಲ. ನಿವೃತ್ತನಾದ ಮೇಲೂ ಜನ ಬಿಡಲಿಲ್ಲ. ಯಾರೇ ಜಾಗ ಕೊಳ್ಳಲಿ, ಮುಂಗಡದ ಸಂಚಗಾರ ಕೊಡುವ ಮೊದಲು ನನ್ನನ್ನು ಗಾಡಿಯ ಮೇಲೆ ಕೂಡಿಸಿಕೊಂಡು ಹೋಗಿ ತೋರಿಸುತ್ತಿದ್ದರು. ನಾನು ಹೂಂ ಎಂದರೆ ವ್ಯವಹಾರ ಮುಂದೆ, ಮೂಗು ಮುರಿದರೆ ಗಾಡಿ ಹಿಂದೆ.

ನನಗೆ ಹೆಂಡತಿ ಸಿಕ್ಕಿದ್ದೂ ಈ ಪದ್ಧತಿಯಿಂದಲೇ. ಅಸುಂಡಿಯಲ್ಲಿ ಒಬ್ಬರ ಹೊಲ ಅಳೆಯಲು ಹೋಗಿದ್ದೆ. ಅಳತೆ ಮುಗಿಯುವವರೆಗೆ ಅವರ ಮನೆಯ ಮಜ್ಜಿಗೆಯನ್ನೂ ಮುಟ್ಟಲಿಲ್ಲ. ಅಳತೆ ಅವರ ವಿರುದ್ಧವೇ ಬಂತು. ಪಕ್ಕದವನಿಗೆ ಒಂದು ಪಟ್ಟಿ ಬಿಟ್ಟುಕೊಡಬೇಕಾಯಿತು. ಆ ಯಜಮಾನರು ಸಿಟ್ಟಾಗುವ ಬದಲು ಮುಂದಿನ ವಾರ ನಮ್ಮ ಮನೆಗೆ ಬಂದು ಮಗಳ ವಿಷಯ ತೆಗೆದರು. ಬಾಂದು ಖರೆ ಹೇಳುವವನು ಬಾಳ್ವೆಯನ್ನೂ ಖರೆ ಮಾಡುತ್ತಾನೆ ಎಂಬುದು ಅವರ ಲೆಕ್ಕಾಚಾರ. ಅವರ ಮಗಳು ಸುನಂದಾ ಅಂದಿನಿಂದ ಈ ವರ್ಷದವರೆಗೂ ಅದನ್ನೇ ನಂಬಿಕೊಂಡು ಬಂದಿದ್ದಳು. ತರಕಾರಿ, ಬಟ್ಟೆ, ಬಂಗಾರ ಯಾವುದರಲ್ಲೂ ಆಕೆ ನನ್ನ ಮಾತಿಗೆ ಕಾಸಿನ ಬೆಲೆ ಕೊಟ್ಟವಳಲ್ಲ. ಜಾಗದ ವಿಷಯಕ್ಕೆ ಬಂದರೆ ಮಾತ್ರ 'ಅವ್ರ ನೋಡ್ಯಾರಂದ್ರ ಆತು' ಎನ್ನುತ್ತಿದ್ದಳು. ಗಂಡಸಿಗೆ ಸಂಸಾರದಲ್ಲಿ ಒಂದು ಮೂಲೆಯಲ್ಲಾದರೂ ಇಂಥ ಮರ್ಯಾದೆ ಇರಬೇಕು. ನನಗೆ ಇದ್ದದ್ದು ಅದೊಂದೇ ಮೂಲೆ.

ಸುನಂದಾ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಹಳೆಯ ಸೀರೆಗಳನ್ನು ಪದರ ಪದರ ಹಾಸಿ, ಬಣ್ಣದ ಚೂರುಗಳನ್ನು ಕೂಡಿಸಿ, ಆಕೆ ಸಾಲು ಹಿಡಿದು ಟಾಕು ಹಾಕುತ್ತ ಹೋದರೆ ನೋಡುತ್ತ ಕೂಡಬಹುದು. ಮೊದಲು ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಗೆ ಬಂದು ಸುತ್ತ ಕೂತು ಒಂದೇ ಕೌದಿಗೆ ಕೈ ಹಚ್ಚುತ್ತಿದ್ದರು. ಮೊಣಕಾಲು ಹಿಡಿದ ಮೇಲೆ ಆಕೆಗೆ ನೆಲದ ಮೇಲೆ ಕೂಡಲಾಗಲಿಲ್ಲ. ಓಣಿಯ ಹೆಂಗಸರಿಗೆ ಧಾರಾವಾಹಿ ಬಿಟ್ಟು ಏಳಲಾಗಲಿಲ್ಲ. ಪಡಸಾಲೆ ಖಾಲಿಯಾಯಿತು. ಸೂಜಿ ಹಿಡಿದು ಒಬ್ಬಳೇ ಬಾಗಿಲು ನೋಡುತ್ತ ಕೂಡುವುದು ಶುರುವಾಯಿತು. ಆಗ ಹುಬ್ಬಳ್ಳಿಯಿಂದ ಬಂದಿದ್ದ ನನ್ನ ತಂಗಿಯ ಮಗಳು ಕಂಪ್ಯೂಟರಿನಲ್ಲಿ ಅದೇನೋ ಒಂದು ಲೋಕವನ್ನು ಹಾಕಿಕೊಟ್ಟು, ಅದರೊಳಗೆ ಅತ್ತೆಯ ಹೆಸರಿನಲ್ಲಿ ಒಂದು ಗೊಂಬೆ ಮಾಡಿಕೊಟ್ಟು ಹೋದಳು. ಆ ಗೊಂಬೆ ನಡೆಯುತ್ತದೆ, ಕೂಡುತ್ತದೆ, ಮನಸ್ಸು ಬಂದರೆ ಹಾರುತ್ತದೆ. ಅದರ ಮೊಣಕಾಲು ನೋಯುವುದಿಲ್ಲ.

ಒಂದೆರಡು ತಿಂಗಳಲ್ಲಿ ಸುನಂದಾಳ ಮುಖದ ಕಳೆಯೇ ಬದಲಾಯಿತು. ಆ ಲೋಕದಲ್ಲಿ ಬಟ್ಟೆ ಹೊಲಿಯುವ ಹುಚ್ಚಿನ ಹೆಂಗಸರು ಆಕೆಗೆ ಸಿಕ್ಕಿದ್ದರು. ಮಂಗಳವಾರ ಮಧ್ಯಾಹ್ನ ಎಲ್ಲರೂ ಒಂದು ಕಡೆ ಸೇರುತ್ತಾರೆ. ಅವರವರ ಮನೆಯಲ್ಲಿ ನಿಜವಾದ ಸೂಜಿ ನಿಜವಾದ ಬಟ್ಟೆ, ತೆರೆಯ ಮೇಲೆ ಗೊಂಬೆಗಳ ಹರಟೆ. ಯಾರು ಯಾವ ದೇಶದವರೋ, ಯಾವ ಭಾಷೆಯವರೋ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಂತಮ್ಮ ಭಾಷೆಯಲ್ಲಿ ಕಾಣುತ್ತದೆ. ನಿಜವಾದ ಹೆಸರು, ವಿಳಾಸ ಒಬ್ಬರದೂ ಒಬ್ಬರಿಗೆ ಗೊತ್ತಿಲ್ಲ. ಆದರೆ ಯಾರ ಮೊಮ್ಮಗುವಿಗೆ ಹಲ್ಲು ಬಂತು, ಯಾರ ಗಂಡ ಮಾತು ಬಿಟ್ಟಿದ್ದಾನೆ ಎಂಬುದು ಎಲ್ಲರಿಗೂ ಗೊತ್ತು. ಒಂದೇ ತೊಂದರೆ. ಅವರು ಕೂಡುತ್ತಿದ್ದದ್ದು ಸಾರ್ವಜನಿಕ ತೋಟದಲ್ಲಿ. ಅಲ್ಲಿ ಕಂಡಕಂಡವರು ನುಗ್ಗಿ ಕುಣಿಯುವುದು, ಮೈಮೇಲೆ ಬೀಳುವುದು ನಡೆಯುತ್ತಿತ್ತು. ಹೀಗಿರಲು ಒಂದು ದಿನ ರೊಟ್ಟಿ ಬಡಿಯುತ್ತ ಸುನಂದಾ ಹೇಳಿದಳು: "ಏನ್ರಿ, ನಾ ಅಲ್ಲೆ ಒಂದ್ ತುಂಡು ಜಾಗಾ ತಗೋಬೇಕಂತ ಮಾಡೇನ್ರಿ. ಒಂದ್ ಪಡಸಾಲಿ ಕಟ್ಟತೀನಿ."

ನನ್ನ ಕೈಯಲ್ಲಿದ್ದ ತುತ್ತು ಬಾಯಿಯ ದಾರಿಯಲ್ಲೇ ನಿಂತಿತು. ಜಾಗವೆಂದರೆ ಏನೆಂದು ಈಕೆಗೆ ಗೊತ್ತೇ? ಮಣ್ಣು ಇಲ್ಲ, ಕಲ್ಲು ಇಲ್ಲ, ಕರೆಂಟು ಹೋದರೆ ಊರೇ ಇಲ್ಲ. ಅಂಥದ್ದಕ್ಕೆ ಜನ ಹಣ ಕೊಡುತ್ತಾರೆಯೇ? ಮಣ್ಣು ಎರೆಯೋ ಮಸಾರಿಯೋ, ನೀರು ಎತ್ತ ಹರಿಯುತ್ತದೆ, ದಾರಿ ಯಾರದು ಎಂದು ಒಂದೊಂದಾಗಿ ಕೇಳಿ ಆಕೆಯ ಬಾಯಿ ಮುಚ್ಚಿಸಬೇಕೆಂದು ಹೊರಟೆ. ಆಕೆ ಅಷ್ಟನ್ನೂ ಕೇಳಿಸಿಕೊಂಡು, ರೊಟ್ಟಿ ಹಂಚಿನ ಮೇಲೆ ಹಾಕಿ, ಬೇರೆ ಯಾರಿಗೂ ಕೇಳಿಸದಂಥ ಸಣ್ಣ ದನಿಯಲ್ಲಿ ಅಂದಳು: "ಅದಕ್ಕ ನಿಮಗ ಹೇಳಾಕತ್ತೇನಿ. ನೀವು ನೋಡಿ ಹೂಂ ಅಂದ್ರ ತಗೋತೀನಿ. ಇಲ್ಲಾಂದ್ರ ಬಿಡತೀನಿ." ಅಲ್ಲಿಗೆ ನನ್ನ ಕಥೆ ಮುಗಿಯಿತು. ನನ್ನ ಆ ಒಂದು ಮೂಲೆಯನ್ನು ಆಕೆ ಮುಟ್ಟಿಬಿಟ್ಟಿದ್ದಳು. ಮಣ್ಣಿಲ್ಲದ ಜಾಗ ಎಂದು ಬೈಯುತ್ತಿದ್ದವನು ಊಟವಾಗುವಷ್ಟರಲ್ಲಿ ಮೋಜಣಿಗೆ ಯಾವಾಗ ಹೋಗೋಣ ಎಂದು ಕೇಳುತ್ತಿದ್ದೆ.

ನನಗೂ ಒಂದು ಗೊಂಬೆ ಬೇಕಾಯಿತು. ಆಕೆಯದು ಕಂಪ್ಯೂಟರು, ನನ್ನದು ತಂಗಿಯ ಮಗಳು ಬಿಟ್ಟುಹೋಗಿದ್ದ ಹಳೆಯ ಲ್ಯಾಪ್‌ಟಾಪು. ಗೊಂಬೆಗೆ ತಲೆತುಂಬ ಕೂದಲು ಪುಕ್ಕಟೆ ಸಿಕ್ಕಿತು, ತೆಗೆದುಕೊಂಡೆ. ಖಾಕಿ ಅಂಗಿಯನ್ನೂ ಟೊಪ್ಪಿಗೆಯನ್ನೂ ಹುಡುಕಿ ಹಾಕಿದೆ. ಜಾಗ ಇದ್ದದ್ದು ಒಂದು ದ್ವೀಪದಲ್ಲಿ. ಮಾರುವವನ ಹೆಸರು ಗಿರಿರಾಜ. ಏಳಡಿ ಎನ್ನಿಸುವಂಥ ಆಳು, ಹುರಿಮೀಸೆ, ತಲೆಗೆ ಸುತ್ತಿದ ಬಿಳಿ ಪಟಗ. ಇಬ್ಬರೂ ನಮಗಾಗಿ ಕಾಯುತ್ತಿದ್ದರು, ಗಿರಿರಾಜ ಮತ್ತು ಅವನ ಕುದುರೆ. ನಾನು ಮೊದಲೇ ಹೇಳಿಬಿಟ್ಟೆ, ನಾಲ್ಕೂ ದಿಕ್ಕಿನವರು ಬಂದು ಬಾಂದಿನ ಮೇಲೆ ನಿಲ್ಲದ ಹೊರತು ನಾನು ಹೆಜ್ಜೆ ಎತ್ತಿಡುವವನಲ್ಲ ಎಂದು. ಗಿರಿರಾಜ ತನ್ನ ಕುದುರೆಯ ಕಡೆ ನೋಡಿದ. ಆ ಲೋಕದ ಚರಿತ್ರೆಯಲ್ಲಿ ಬಹುಶಃ ಯಾರೂ ಇಂಥದ್ದು ಕೇಳಿರಲಿಲ್ಲ. ಆದರೂ ಕರೆಸಿದ.

ನಾನು ಮುಂಡರಗಿ ಸೀಮೆಯಲ್ಲಿ ಎಂತೆಂಥ ಪಂಚರನ್ನು ಕಂಡಿದ್ದೇನೆ. ಕುಡಿದು ಬಂದವರು, ಕೊಡಲಿ ಹಿಡಿದು ಬಂದವರು. ಆದರೆ ಮೂಡಣ ಬಾಂದಿಗೆ ನರಿ ಬಂದು ನಿಂತದ್ದು ಅದೇ ಮೊದಲು. ಕೋಟು ಹಾಕಿಕೊಂಡ, ಕನ್ನಡಕದ ನರಿ. ಅದು ಯಾವುದೋ ಚಳಿದೇಶದ ಅಜ್ಜಿಯೆಂದೂ, ಮಂಗಳವಾರದ ಬಳಗದವಳೆಂದೂ ಸುನಂದಾ ಪರಿಚಯ ಮಾಡಿಕೊಟ್ಟಳು. ಪಡುವಣಕ್ಕೆ ರೆಕ್ಕೆಯ ಹೆಂಗಸು. ಬಡಗಣಕ್ಕೆ ಒಬ್ಬ ಗಂಡಸು. ಆತ ಕುಣಿಯುತ್ತಲೇ ಬಂದ, ಬಾಂದಿನ ಮೇಲೂ ಕುಣಿಯುತ್ತಲೇ ನಿಂತ. ಅವನ ಗೊಂಬೆಗೆ ಕುಣಿತ ನಿಲ್ಲಿಸುವುದು ಹೇಗೆಂದು ಅವನಿಗೇ ತಿಳಿದಿರಲಿಲ್ಲವಂತೆ. ತೆಂಕಣಕ್ಕೆ ಸಮುದ್ರ. ಸಮುದ್ರದ ಪರವಾಗಿ ಯಾರೂ ಬರಲಿಲ್ಲ, ಅದೊಂದನ್ನು ಬಿಟ್ಟೆ. ಮೂವರೂ ತಂತಮ್ಮ ಗಡಿ ತೋರಿಸಿ, ಗಿರಿರಾಜ ಒಳ್ಳೆಯವನೆಂದೂ ತಂಟೆ ತಕರಾರಿನವನಲ್ಲವೆಂದೂ ಹೇಳಿದರು. ನಾನು ಮೂಲೆಯಿಂದ ಮೂಲೆಗೆ ನಡೆದು ಗುಂಟೆಯ ಲೆಕ್ಕಕ್ಕೆ ಇಳಿಸಿ ನೋಡಿದೆ. ಅಳತೆ ಚಾಚೂ ತಪ್ಪಿರಲಿಲ್ಲ. ಇಷ್ಟು ಸ್ವಚ್ಛವಾದ ಜಾಗವನ್ನು ನಾನು ಸರ್ವೀಸಿನಲ್ಲಿ ಕಂಡಿರಲಿಲ್ಲ.

ಆಮೇಲೆ ಮನುಷ್ಯನ ವಿಚಾರಣೆ. ನಿನ್ನ ಊರು ಯಾವುದಪ್ಪ ಎಂದು ಕೇಳಿದರೆ, ಅಪ್ಪಟ ನಮ್ಮ ಸೀಮೆಯ ಕನ್ನಡದಲ್ಲಿ ಉತ್ತರ ತೆರೆಯ ಮೇಲೆ ಬಂತು: "ನಾವು ಲಕ್ಷ್ಮೇಶ್ವರದವ್ರ್ ಇದೀವ್ರಿ ಸರ." ನಾನು ಕುರ್ಚಿಯಿಂದ ಅರ್ಧ ಎದ್ದೆ. ಜಗತ್ತಿನ ಯಾವ ಮೂಲೆಯಲ್ಲೂ ಇಲ್ಲದ ಒಂದು ದ್ವೀಪಕ್ಕೆ ಹೋಗಿ ನೋಡಿದರೆ ಅಲ್ಲಿ ಲಕ್ಷ್ಮೇಶ್ವರದವರು ಜಾಗ ಮಾರುತ್ತಿದ್ದಾರೆ! ಆದರೂ ನಾನು ಅಷ್ಟು ಸುಲಭಕ್ಕೆ ಕರಗುವವನಲ್ಲ. ಸೋಮೇಶ್ವರ ಗುಡಿಯ ಸುತ್ತಲಿನ ಓಣಿಗಳನ್ನು ಕೇಳಿದೆ, ಬಸದಿಯ ದಾರಿ ಕೇಳಿದೆ, ಕಾಳಿನ ಪೇಟೆಯಲ್ಲಿ ಯಾರ ಅಡತಿ ಅಂಗಡಿ ಎಲ್ಲಿ ಎಂದು ಕೇಳಿದೆ. ಎಲ್ಲಕ್ಕೂ ಸರಿಯಾದ ಉತ್ತರ. ಯಾರ ಪೈಕಿ ಎಂದು ಕೇಳಿದಾಗ ನನ್ನ ಪರಿಚಯದ ಒಂದು ಮನೆತನದ ಹೆಸರು ಬಂತು. ಕೊನೆಗೆ ಆ ಏಳಡಿಯ ಗಿರಿರಾಜ ಬಾಗಿ ನನ್ನ ಖಾಕಿ ಗೊಂಬೆಯ ಕಾಲು ಮುಟ್ಟಿ ನಮಸ್ಕರಿಸಿದ. ಅಲ್ಲಿಗೆ ವಿಚಾರಣೆ ಮುಗಿಯಿತು. ಹಿರಿಯರ ಕಾಲು ಮುಟ್ಟುವವನು ಮೋಸ ಮಾಡುವುದು ಹೇಗೆ?

ಒಂದು ಮಾತು ಮಾತ್ರ ಉಳಿದಿತ್ತು. ದ್ವೀಪದ ನಡುವೆ ಒಂದು ಡಬ್ಬಿ ಇತ್ತು. ಅಲ್ಲಿ ಜಾಗ ಇದ್ದವರೆಲ್ಲ ತಿಂಗಳಿಗೊಮ್ಮೆ ಅದಕ್ಕೆ ಸ್ವಲ್ಪ ಹಣ ಹಾಕಬೇಕು. ಅದೇಕೆ ಎಂದು ಸುನಂದಾ ಕೇಳಿದಳು. ತನಗೂ ಅದೇ ಸಂಶಯವಿದೆ, ಕೊಂಡುಕೊಂಡ ಜಾಗಕ್ಕೆ ಮತ್ತೆ ತಿಂಗಳಿಗೆ ಕೊಡುವುದೇನು ಎಂದು ನರಿಯೂ ಕೇಳಿತು. ಗಿರಿರಾಜನೂ ನನ್ನ ಕಡೆ ತಿರುಗಿದ. ಐವರೂ ನನ್ನತ್ತ ನೋಡುತ್ತಿದ್ದರು. ಒಬ್ಬ ಕುಣಿಯುತ್ತ ನೋಡುತ್ತಿದ್ದ. ಇಲಾಖೆ ಬಿಟ್ಟ ಮೇಲೆ ಅಷ್ಟು ಜನ ಒಟ್ಟಿಗೆ ನನ್ನ ಬಾಯಿ ನೋಡಿದ್ದು ಅವತ್ತೇ. ನಾನು ಗಂಟಲು ಸರಿಮಾಡಿಕೊಂಡು, ಅಂದರೆ ಕೀಲಿಮಣೆ ಹತ್ತಿರಕ್ಕೆ ಎಳೆದುಕೊಂಡು, ತಿಳಿಸಿ ಹೇಳಿದೆ. ಇದು ಕಂದಾಯ. ಭೂಮಿ ಅಂದ ಮೇಲೆ ಕಂದಾಯ ಇದ್ದೇ ಇರುತ್ತದೆ. ಕಂದಾಯ ಯಾರ ಹೆಸರಿನಲ್ಲಿ ಹೋಗುತ್ತದೆಯೋ ಅವನೇ ಒಡೆಯ. ಕಂದಾಯ ತೆಗೆದುಕೊಳ್ಳುತ್ತಾರೆ ಎಂಬುದೇ ಜಾಗ ನಿಮ್ಮದೆಂಬುದಕ್ಕೆ ಸಾಕ್ಷಿ. ಕಂದಾಯವಿಲ್ಲದ ಜಾಗವಾಗಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ನರಿ ತಲೆಬಾಗಿತು. ರೆಕ್ಕೆಯವಳು ಚಪ್ಪಾಳೆ ಹೊಡೆದಳು. ನಾನು ಸುನಂದಾಳ ಕಡೆ ತಿರುಗಿ ಹೂಂ ಅಂದೆ.

ಕೌದಿ ಹೊಲಿದು ಕೂಡಿಟ್ಟ ದುಡ್ಡು ಅದಕ್ಕೆ ಹೋಯಿತು. ಆಮೇಲೆ ಎಷ್ಟೋ ವಾರ ಆಕೆ ಕಟ್ಟಿದ್ದೇ ಕಟ್ಟಿದ್ದು. ಅಸುಂಡಿಯ ತವರುಮನೆಯ ಪಡಸಾಲೆ ಹೇಗಿತ್ತೋ ಹಾಗೆಯೇ ಕಂಬ, ಹಾಗೆಯೇ ಕಟ್ಟೆ, ಹಾಗೆಯೇ ಗೂಡು. ಗೋಡೆಯ ತುಂಬ ತಾನು ಹೊಲಿದ ಕೌದಿಗಳ ಚಿತ್ರ. ನಟ್ಟನಡುವೆ ಆಕೆಯ ಅವ್ವ ಹೊಲಿದದ್ದು. ಮಂಗಳವಾರ ಹೆಂಗಸರು ಬಂದು ಆ ಕಂಬಗಳಿಗೆ ಒರಗಿ ಕೂಡುತ್ತಿದ್ದರು. ಅವರ ಬಳಗ ಬೆಳೆಯಿತು. ಈಚೆ ನಮ್ಮ ಮನೆಯಲ್ಲಿ ಸುನಂದಾ ಕುರ್ಚಿಯ ಮೇಲೆ ಕಾಲು ಚಾಚಿ, ಸೂಜಿಗೆ ದಾರ ಪೋಣಿಸುತ್ತ ಒಬ್ಬಳೇ ನಗುತ್ತಿರುತ್ತಿದ್ದಳು. ನಾನು ಮಂಗಳವಾರಗಳಂದು ಚಹಾ ಮಾಡುವ ಕೆಲಸವನ್ನು ಖುಷಿಯಿಂದಲೇ ವಹಿಸಿಕೊಂಡೆ. ಚಹಾದ ಲೋಟ ಇಡುವಾಗೊಮ್ಮೆ, ಅಳತೆ ಎಷ್ಟು ಸರಿಯಾಗಿದೆ ನೋಡು ಎಂದು ಹೇಳದೆ ಇರಲಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ದೇವರ ಮುಂದೆ ದೀಪ ಹಚ್ಚುತ್ತಿದ್ದೆ. ಒಳಗಿನಿಂದ ಸುನಂದಾ ಕರೆದಳು. ಆಕೆ ಕೂಗಲಿಲ್ಲ, ಸಣ್ಣಗೆ ಕರೆದಳು. ಅದಕ್ಕೇ ನನಗೆ ಭಯವಾಯಿತು. ಹೋಗಿ ನೋಡಿದರೆ ತೆರೆಯ ಮೇಲೆ ನೀರು. ದ್ವೀಪವಿದ್ದ ಕಡೆ ಬರೀ ನೀರು. ಪಡಸಾಲೆಯಿಲ್ಲ, ಕಂಬವಿಲ್ಲ, ನರಿಯ ಮನೆಯಿಲ್ಲ, ಡಬ್ಬಿಯಿಲ್ಲ. ನಾನು ಆ ಗುಂಡಿ ಒತ್ತಿದೆ, ಈ ಗುಂಡಿ ಒತ್ತಿದೆ, ಕಂಪ್ಯೂಟರು ಬಂದ್ ಮಾಡಿ ಚಾಲೂ ಮಾಡಿದೆ. ನೀರು ಹಾಗೇ ಇತ್ತು. ನನ್ನ ಜೀವಮಾನದಲ್ಲಿ ನಾನು ಒತ್ತುವರಿ ಕಂಡಿದ್ದೇನೆ, ಕಲ್ಲು ಕಿತ್ತದ್ದು ಕಂಡಿದ್ದೇನೆ, ಸತ್ತವನ ಹೆಬ್ಬೆಟ್ಟು ಒತ್ತಿಸಿದ್ದನ್ನೂ ಕಂಡಿದ್ದೇನೆ. ಆದರೆ ಅಂಥ ಎಲ್ಲ ಜಗಳಗಳ ಕೊನೆಯಲ್ಲೂ ಹೊಲ ಅಲ್ಲಿಯೇ ಬಿದ್ದಿರುತ್ತಿತ್ತು. ಯಾರದೆಂದು ತಿಳಿಯದಿದ್ದರೂ ಇರುತ್ತಿತ್ತು. ಹೊಲವೇ ಎದ್ದು ಹೋದದ್ದನ್ನು ನಾನು ಕಂಡವನಲ್ಲ, ಕೇಳಿದವನೂ ಅಲ್ಲ.

ಆ ಲೋಕವನ್ನು ನಡೆಸುವ ಕಂಪನಿಗೆ ಬರೆದು ಕೇಳಿದೆವು. ಉತ್ತರ ಬಹಳ ಮರ್ಯಾದೆಯಿಂದ ಬಂತು. ಆ ದ್ವೀಪ ತಮ್ಮಿಂದ ಒಬ್ಬ ಖಾಸಗಿ ಮನುಷ್ಯ ಬಾಡಿಗೆಗೆ ಹಿಡಿದದ್ದು. ಅವನು ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದ. ಅದಕ್ಕೆ ತಾವು ದ್ವೀಪವನ್ನು ತೆಗೆದದ್ದು. ಅವನು ಅದರ ತುಂಡುಗಳನ್ನು ಯಾರಿಗೆ ಕೊಟ್ಟ, ಅವರು ಯಾರಿಗೆ ಮಾರಿದರು ಎಂಬುದು ನಿಮ್ಮ ನಿಮ್ಮ ನಡುವಿನ ಮಾತು, ಅದರಲ್ಲಿ ತಾವು ಕೈಹಾಕುವುದಿಲ್ಲ. ಕಂಪನಿಯ ಸ್ವಂತ ನೆಲದಲ್ಲಿ ಜಾಗ ಕೊಂಡಿದ್ದರೆ ನಿಮ್ಮ ಹೆಸರೇ ಇರುತ್ತಿತ್ತು ಎಂದು ಬುದ್ಧಿಮಾತೂ ಇತ್ತು. ಅಂದರೆ ಆ ಡಬ್ಬಿಗೆ ಬಿದ್ದದ್ದು ಕಂದಾಯವಲ್ಲ, ಬಾಡಿಗೆ. ನಾವು ಕೊಂಡದ್ದು ಜಾಗವಲ್ಲ. ಯಾರೋ ಗೊತ್ತಿಲ್ಲದವನ ಬಾಡಿಗೆ ಮನೆಯಲ್ಲಿ ಒಂದು ಮೂಲೆ. ಮೂಲ ಒಡೆಯ ಯಾರು ಎಂಬ ಒಂದೇ ಪ್ರಶ್ನೆ, ನಾನು ಸರ್ವೀಸಿನ ಉದ್ದಕ್ಕೂ ಎಲ್ಲರಿಗೂ ಕೇಳಿದ ಪ್ರಶ್ನೆ, ಅದನ್ನು ಅಲ್ಲಿ ಕೇಳಿರಲಿಲ್ಲ. ಕಾಲು ಮುಟ್ಟಿದ್ದಕ್ಕೆ ಮರೆತೆ. ಹಾಳು ಗಿರಿರಾಜ!

ಸುನಂದಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ದುಡ್ಡಿನ ಮಾತನ್ನೂ ಎತ್ತಲಿಲ್ಲ. ಗೋಡೆಯ ಮೇಲಿನ ಕೌದಿಗಳು ಚಿತ್ರಗಳಷ್ಟೇ, ಅಸಲು ಕೌದಿಗಳು ಟ್ರಂಕಿನಲ್ಲಿವೆ ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದಳು: "ಮಂಗಳವಾರ ಅವರೆಲ್ಲಾ ಬರತಾರ್ರಿ. ಬಂದು ಎಲ್ಲಿ ಕುಂಡ್ರಬೇಕು? ಅವರ ಊರು ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಆ ಪಡಸಾಲಿ ಒಂದ ಗೊತ್ತಿತ್ತು." ಆ ಮಂಗಳವಾರ ನಾನು ರೂಢಿಯಂತೆ ಚಹಾ ಮಾಡಿ ಇಟ್ಟೆ. ಚಹಾ ಆರಿತು.

ಲಕ್ಷ್ಮೇಶ್ವರಕ್ಕೆ ಹೋಗಿ ಆ ಗಿರಿರಾಜನ ಮೀಸೆ ಬೋಳಿಸದಿದ್ದರೆ ನನ್ನ ಹೆಸರು ಬೇರೆ ಎಂದು ನಿರ್ಧಾರ ಮಾಡಿದೆ. ಮನೆತನದ ಹೆಸರು ಗೊತ್ತಿತ್ತಲ್ಲ! ಸುನಂದಾ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ತಾನೂ ಹೊರಟಳು. ಬೇಡವೆಂದರೆ ಕೇಳಲಿಲ್ಲ. ಶಿರಹಟ್ಟಿ ಮೇಲೆ ಹೋಗುವ ಬಸ್ಸು. ಕಿಟಕಿಯ ಹೊರಗೆ ನಾನೇ ಅಳೆದ ಹೊಲಗಳು ಒಂದಾದ ಮೇಲೊಂದು ಬಂದವು, ಎಲ್ಲವೂ ಇಟ್ಟಲ್ಲೇ ಇದ್ದವು. ಅವುಗಳನ್ನು ನೋಡುತ್ತ ನೋಡುತ್ತ ನನ್ನ ಸಿಟ್ಟು ಏರಿತು. ಏನೇನು ಬೈಯಬೇಕೆಂದು ಒಂದು ಕ್ರಮದಲ್ಲಿ ಜೋಡಿಸಿಕೊಂಡೆ. ಮೊದಲು ಅವನ ಮನೆತನದಿಂದ ಶುರುಮಾಡಿ, ಆಮೇಲೆ ಸಂಸ್ಕಾರಕ್ಕೆ ಬಂದು, ಕೊನೆಗೆ ಪೊಲೀಸ್ ಠಾಣೆಯಲ್ಲಿ ಮುಗಿಸುವುದು. ಅವನು ಏಳಡಿ ಇದ್ದಾನೆಂಬುದು ನಡುನಡುವೆ ನೆನಪಾಗುತ್ತಿತ್ತು. ಆದರೆ ಸುನಂದಾ ಪಕ್ಕದಲ್ಲಿದ್ದಳು, ಹಿಂದೆ ಸರಿಯುವಂತಿರಲಿಲ್ಲ.

ಗುಡಿಯ ಹಿಂದಿನ ಓಣಿಯಲ್ಲಿ ಆ ಮನೆ ಸಿಕ್ಕಿತು. ಬಾಗಿಲು ಬಡಿದೆ. ಬಿಳಿಕೂದಲಿನ, ನನ್ನ ಎದೆಯೆತ್ತರದ ಒಬ್ಬ ಹೆಣ್ಣುಮಗಳು ಬಾಗಿಲು ತೆರೆದರು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಅಕ್ಕೋರು ಎಂದು ನೋಡಿದ ಕೂಡಲೇ ಗೊತ್ತಾಗುವ ಮುಖ. ಗಿರಿರಾಜ ಎಲ್ಲಿ, ಕರೀರಿ ಎಂದೆ. ಅವರು ನನ್ನನ್ನೂ ಸುನಂದಾಳನ್ನೂ ಒಮ್ಮೆ ನೋಡಿದರು. ಮುಖ ಸಪ್ಪಗಾಯಿತು. "ನಾನ ರೀ ಸರ," ಎಂದರು.

ನಾನು ಚೌಕಟ್ಟು ಹಿಡಿದುಕೊಂಡೆ. ಏಳಡಿ ಆಳು, ಹುರಿಮೀಸೆ, ಕುದುರೆ? ಕಸ್ತೂರಿ ಅಕ್ಕೋರು, ಅದು ಅವರ ಹೆಸರು, ನಮ್ಮನ್ನು ಒಳಗೆ ಕರೆದು ಕೂಡಿಸಿದರು. ಶಾಲೆಯಲ್ಲಿ ಎಲ್ಲರೂ ತಮ್ಮನ್ನು ಗುಬ್ಬಿ ಅಕ್ಕೋರು ಎನ್ನುತ್ತಿದ್ದರೆಂದೂ, ಒಂದು ಸಲವಾದರೂ ಎತ್ತರ ಇದ್ದು ನೋಡಬೇಕೆಂಬ ಆಸೆ ಇತ್ತೆಂದೂ ಹೇಳಿದರು. ಮೀಸೆ ಪುಕ್ಕಟೆ ಸಿಕ್ಕಿತಂತೆ. ನನ್ನ ಗೊಂಬೆಯ ಕೂದಲು ನೆನಪಾಗಿ ನಾನು ಆ ವಿಷಯ ಮುಂದುವರಿಸಲಿಲ್ಲ. ಚಹಾ ಬಂತು, ಮಂಡಕ್ಕಿ ಬಂತು. ಇಷ್ಟರಲ್ಲಿ ನನ್ನ ಬೈಗುಳದ ಕ್ರಮವೆಲ್ಲ ಕಲಸಿಹೋಗಿತ್ತು. ಆದರೂ ಬಿಡಬಾರದೆಂದು, ನಿಮ್ಮದಲ್ಲದ ಜಾಗವನ್ನು ನಮಗೆ ಮಾರಬಹುದೇ ಎಂದು ಕೇಳಿದೆ. ತಮ್ಮದೆಂದೇ ತಿಳಿದಿದ್ದರಂತೆ, ತಾವೂ ಇನ್ನೊಬ್ಬರ ಕಡೆಯಿಂದ ಕೊಂಡದ್ದು ಎಂದರು. ದ್ವೀಪದ ಒಡೆಯನನ್ನು ಅವರೂ ಕಂಡಿರಲಿಲ್ಲ. ಅಲ್ಲಿದ್ದ ಯಾರೂ ಕಂಡಿರಲಿಲ್ಲ. ನೀರಿನಲ್ಲಿ ಅವರದೂ ಹೋಗಿತ್ತು, ನಮ್ಮದಕ್ಕಿಂತ ಹೆಚ್ಚೇ ಹೋಗಿತ್ತು. ಅದು ಹೇಗೆ, ಮಾರಿಬಿಟ್ಟಿದ್ದಿರಲ್ಲ ಎಂದೆ. ಅಕ್ಕೋರು ಚಹಾದ ಬಟ್ಟಲು ಕೆಳಗಿಟ್ಟರು.

"ತಪ್ಪ ತಿಳೀಬ್ಯಾಡ್ರಿ ಸರ. ಆ ತಿಂಗಳಾ ತಿಂಗಳಾ ಕೊಡೂ ರೊಕ್ಕದ ಮ್ಯಾಲೆ ನನಗ ಸಂಶೇ ಬಂದಿತ್ತು. ಮಾರಿ ಹೊರಗ ಬಂದಬಿಡೂಣು ಅಂತ ಮಾಡಿದ್ದೆ. ಅಷ್ಟರಾಗ ನೀವು ಬಂದ್ರಿ. ಬಾಂದಿನ ಮ್ಯಾಲೆ ಎಲ್ಲಾರನೂ ನಿಲ್ಲಿಸಿದ್ರಿ, ಅಳದ್ರಿ. ಇದು ಕಂದಾಯ, ಕಂದಾಯ ಕಟ್ಟಾವನ ಮಾಲಕ ಅಂದ್ರಿ. ಸರ್ವೇ ಖಾತೆದಾವ್ರ ಇಷ್ಟು ಗಟ್ಟಿಯಾಗಿ ಹೇಳಿದ ಮ್ಯಾಲೆ ಇನ್ನ ಅಂಜೂದೇನೈತಿ ಅಂತ, ನೀವು ಕೊಟ್ಟ ರೊಕ್ಕಕ್ಕ ಇನ್ನಷ್ಟು ಕೂಡಿಸಿ ಪಕ್ಕದ್ದು ಎರಡು ತುಂಡು ತಗೊಂಡೆ. ಆ ನರಿಬಾಯಿನೂ ಒಂದು ತಗೊಂಡ್ಲು."

ಮಂಡಕ್ಕಿ ನನ್ನ ಬಾಯಿಯಲ್ಲೇ ಮೆತ್ತಗಾಯಿತು. ಆ ದ್ವೀಪದಲ್ಲಿ ಮೋಸಗಾರನನ್ನು ಹುಡುಕಿಕೊಂಡು ನಾನು ಬಸ್ಸು ಹತ್ತಿ ಬಂದಿದ್ದೆ. ಒಡೆಯನನ್ನು ಯಾರೂ ನಂಬಿರಲಿಲ್ಲ. ಅವನನ್ನು ಕಂಡವರೇ ಇರಲಿಲ್ಲ. ಅವರು ನಂಬಿದ್ದು ಖಾಕಿ ಅಂಗಿಯ, ತಲೆತುಂಬ ಕೂದಲಿನ ಒಬ್ಬ ಅಧಿಕಾರಿಯನ್ನು. ಮುಳುಗುವ ದ್ವೀಪದಿಂದ ಇಳಿದು ಹೋಗುತ್ತಿದ್ದವರನ್ನು ಕರೆದು, ಕೂಡಿಸಿ, ಇನ್ನೆರಡು ತುಂಡು ಕೊಡಿಸಿದವನು ನಾನು. ಸುನಂದಾಳ ಮುಖ ನೋಡುವ ಧೈರ್ಯವಾಗಲಿಲ್ಲ.

ಸುನಂದಾ ಚಹಾ ಕುಡಿದು ಮುಗಿಸಿದಳು. ಆಮೇಲೆ, "ಅಕ್ಕೋರ, ನಾನೂ ಇವರ ಮಾತ ಕೇಳೇ ತಗೊಂಡೇನ್ರಿ," ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಯಾರ ತುಟಿ ಅಲುಗಿತೋ ತಿಳಿಯದು. ಗುಬ್ಬಿಯಂಥ ಅಕ್ಕೋರು ಕಣ್ಣಲ್ಲಿ ನೀರು ಬರುವಂತೆ ನಗತೊಡಗಿದರು, ಸುನಂದಾ ಮೊಣಕಾಲು ಹಿಡಿದುಕೊಂಡು ನಕ್ಕಳು. ನಾನು ಇಬ್ಬರ ನಡುವೆ ಮಂಡಕ್ಕಿಯ ಬಟ್ಟಲು ಹಿಡಿದು ಕೂತಿದ್ದೆ. ನಗು ನಿಂತ ಮೇಲೆ ಅವರು ನನ್ನನ್ನು ಮರೆತು ಕೆಲಸದ ಮಾತಿಗೆ ಇಳಿದರು. ನರಿಯನ್ನೂ ರೆಕ್ಕೆಯವಳನ್ನೂ ಆ ಲೋಕದಲ್ಲಿಯೇ ಬರೆದು ಕರೆಯುವ ದಾರಿ ಅಕ್ಕೋರಿಗೆ ಗೊತ್ತಿತ್ತು. ಗಿರಿರಾಜನಿಗೆ ಗೆಳೆತನ ಜಾಸ್ತಿ. ಹೊರಡುವಾಗ ಅಕ್ಕೋರು ಬಾಗಿಲವರೆಗೆ ಬಂದರು. ಈ ಸಲ ಕಾಲು ಮುಟ್ಟಲಿಲ್ಲ.

ಆಮೇಲಿನ ವ್ಯವಹಾರದಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅಕ್ಕೋರೂ ಸುನಂದಾಳೂ ಫೋನಿನಲ್ಲಿ ಮಾತಾಡಿಕೊಂಡು, ಕಂಪನಿಯ ಸ್ವಂತ ನೆಲದಲ್ಲಿ ಒಂದು ಸಣ್ಣ ತುಂಡು ಹುಡುಕಿದರು. ಮೂಲ ಒಡೆಯ ಯಾರೆಂದು ಮೊದಲ ಮಾತಿಗೇ ಕಂಪನಿಯನ್ನು ಕೇಳಿದರು, ಜಾಗ ತಮ್ಮ ಹೆಸರಿಗೆ ಬಂದದ್ದನ್ನು ಕಣ್ಣಾರೆ ಕಂಡ ಮೇಲೆ ಹಣ ಕೊಟ್ಟರು. ಮೊದಲಿನದರ ಅರ್ಧವೂ ಇಲ್ಲ. ಸಮುದ್ರವಿಲ್ಲ, ಪಕ್ಕದಲ್ಲಿ ಯಾರದೋ ಹೋಟೆಲು. ಸುನಂದಾ ಮತ್ತೆ ಕಂಬ ನಿಲ್ಲಿಸಿದಳು, ಗೂಡು ಕೊರೆದಳು, ಅವ್ವನ ಕೌದಿಯ ಚಿತ್ರವನ್ನು ನಡುವೆ ತೂಗುಹಾಕಿದಳು. ನಾನು ಚಹಾ ಮಾಡುವ ನೆಪದಲ್ಲಿ ಹಿಂದೆ ನಿಂತು ನೋಡುತ್ತಿದ್ದೆ. ಪಡುವಣ ಗೋಡೆ ಸ್ವಲ್ಪ ಹೊರಗೆ ಹೋಗಿದೆಯೋ ಎಂಬ ಸಂಶಯ ಬಂತು. ಹೇಳಲಿಲ್ಲ.

ಮೊದಲ ಮಂಗಳವಾರ ಬಂತು. ನಾನೂ ಲ್ಯಾಪ್‌ಟಾಪು ತೆರೆದು ನನ್ನ ಖಾಕಿ ಗೊಂಬೆಯನ್ನು ಪಡಸಾಲೆಯ ಹೊರಗೆ, ಹೋಟೆಲಿನ ಗೋಡೆಯ ಮರೆಯಲ್ಲಿ ನಿಲ್ಲಿಸಿದೆ. ಗಿರಿರಾಜ ಕುದುರೆ ಇಳಿದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಕೋಟಿನ ನರಿ ಬಂತು, ಹಿಂದೆ ರೆಕ್ಕೆಯವಳು, ಅವಳ ಹಿಂದೆ ಆ ಕುಣಿಯುವ ಗಂಡಸು. ನರಿ ಮೆಟ್ಟಿಲ ಹತ್ತಿರ ಬಂದು ನಿಂತಿತು. ಒಳಗೆ ಕಾಲಿಡಲಿಲ್ಲ. ಅತ್ತಿತ್ತ ನೋಡಿತು. ಆಮೇಲೆ ಅದು ಬರೆದ ಮಾತು ಕನ್ನಡದಲ್ಲಿ ತೆರೆಯ ಮೇಲೆ ಬಂತು: "ಆ ಅಳತೆಯ ಅಧಿಕಾರಿ ಈ ಜಾಗವನ್ನು ನೋಡಿದ್ದಾರೆಯೇ?"

ನನ್ನ ಎದೆ ಉಬ್ಬಿತು ಎಂದು ಬರೆಯಲು ಆಸೆಯಾಗುತ್ತಿದೆ. ಒಂದು ಗಳಿಗೆ ಉಬ್ಬಿದ್ದೂ ಖರೆ. ಇಷ್ಟಾದರೂ ನನ್ನ ಮಾತಿಗೆ ಅಲ್ಲಿ ಬೆಲೆ ಇದೆಯಲ್ಲ ಎಂದು ಕುರ್ಚಿಯಲ್ಲಿ ನೆಟ್ಟಗಾದೆ. ಪಕ್ಕದ ಕುರ್ಚಿಯಲ್ಲಿ ಸುನಂದಾ ಸೂಜಿ ಬದಿಗಿಟ್ಟು, ಒಂದೇ ಬೆರಳಿನಿಂದ ನಿಧಾನವಾಗಿ ಬರೆದಳು: "ಇಲ್ಲ. ಅವರಿಗೆ ತೋರಿಸಿಲ್ಲ."

ನರಿ ಕೂಡಲೇ ಒಳಗೆ ಹೋಗಿ ಕಂಬಕ್ಕೆ ಒರಗಿ ಕೂತಿತು. ರೆಕ್ಕೆಯವಳು ರೆಕ್ಕೆ ಮಡಿಚಿಕೊಂಡು ಕೂತಳು. ಆ ಗಂಡಸು ಕುಣಿಯುತ್ತಲೇ ಒಳಗೆ ಹೋದ. ಮಾತು ಶುರುವಾಯಿತು, ಯಾರದೋ ಮೊಮ್ಮಗುವಿನ ಹಲ್ಲು, ಯಾರದೋ ಗಂಡನ ಮೌನ. ನಾನು ಹೊರಗೇ ನಿಂತಿದ್ದೆ. ಬಂದ ಮೇಲೆ ಸುಮ್ಮನೆ ನಿಲ್ಲುವುದೇಕೆಂದು, ರೂಢಿಯ ಕಾಲು ನನ್ನ ಗೊಂಬೆಯನ್ನು ಮೆಲ್ಲಗೆ ಪಡುವಣ ಮೂಲೆಯ ಕಡೆಗೆ ನಡೆಸತೊಡಗಿತು. ಸುನಂದಾ ತೆರೆಯಿಂದ ಕಣ್ಣೆತ್ತಲಿಲ್ಲ. ಸೂಜಿಗೆ ದಾರ ಪೋಣಿಸುತ್ತ, ಪಕ್ಕದ ಕುರ್ಚಿಯಲ್ಲಿದ್ದ ನನಗೇ ಹೇಳಿದಳು: "ಒಳಗ ಬರ್ರಿ. ಮೋಜಣಿ ಮಾಡಬ್ಯಾಡ್ರಿ. ಬರೇ ಕುಂಡ್ರಿ."